ಲಾಭ, ಎರಡು, ಮೂರು

ಶಂಭುಲಿಂಗಪ್ಪ ಮೇಷ್ಟ್ರ ಮನೆಯಲ್ಲಿ ಯಾವ ಲೆಕ್ಕವೂ ಒಂದೇ ದಾರಿಯಲ್ಲಿ ಮುಗಿಯುತ್ತಿರಲಿಲ್ಲ. ಮೇಷ್ಟ್ರು ಒಂದು ಬಗೆಯಲ್ಲಿ ಮಾಡಿದರೆ ಮಗಳು ಜಗದಾಂಬಾ ಇನ್ನೊಂದು ಬಗೆಯಲ್ಲಿ ಮಾಡಬೇಕು. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಕೂಡದು. ಎರಡೂ ಕೂಡಿ ಬಂದರೆ ಮಾತ್ರ ಅದು ಉತ್ತರ. ಕೂಡದಿದ್ದ ದಿನ ಊಟ ತಡವಾಗುತ್ತಿತ್ತು. ತಾಯಿಯಿಲ್ಲದ ಮನೆ, ಅಡಿಗೆಯೂ ಅವರಿಬ್ಬರದೇ ಆದ್ದರಿಂದ ಹಸಿವೆಂದು ದೂರು ಹೇಳುವವರು ಮೂರನೆಯವರು ಯಾರೂ ಇರಲಿಲ್ಲ.

ಎಷ್ಟೋ ವರ್ಷಗಳಾದ ಮೇಲೆ, ಕಾಲೇಜಿನ ಕರಿಹಲಗೆಯ ಮುಂದೆ ನಿಂತು ಇರುವಷ್ಟರಲ್ಲೇ ಹೆಚ್ಚು ಲಾಭ ತೆಗೆಯುವ ಬಗೆ ಹುಡುಕುವ ಲೀನಿಯರ್ ಪ್ರೋಗ್ರಾಮಿಂಗ್ ಪಾಠ ಹೇಳುವಾಗ, ಅದೇ ಉತ್ತರಕ್ಕೆ ಇನ್ನೊಂದು ಕಡೆಯಿಂದ ಬರುವ ಡ್ಯುಯಲ್ ಎಂಬ ಮಾತು ಬಾಯಿಗೆ ಬಂದ ಕೂಡಲೇ ಜಗದಾಂಬಾಗೆ ಅಪ್ಪ ನೆನಪಾಗುತ್ತಿದ್ದರು. ಅಪ್ಪನ ಹಿಂದೆಯೇ ರಾಜಾಜಿನಗರದ ಆ ಹೆಂಚಿನ ಮನೆ, ಮನೆಯ ಹಿಂದಿನ ಬಯಲು, ಬಯಲಿನಾಚೆಯ ಬಂಡೆ, ಬಂಡೆಯ ಮೇಲೆ ಕೋಲು ಹಿಡಿದು ಕೂತ ಲಿಂಗಮ್ಮ. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಕಣ್ಣು ತುಂಬಿಬರುತ್ತಿತ್ತು. ಸೀಮೆಸುಣ್ಣದ ಪುಡಿ ಗಂಟಲಿಗೆ ಹೋಗಿರಬೇಕೆಂದು ಮುಂದಿನ ಬೆಂಚಿನ ಹುಡುಗಿಯರು ಕುಡಿಯಲು ನೀರು ತಂದುಕೊಡುತ್ತಿದ್ದರು. ಅವಳೂ ಕುಡಿಯುತ್ತಿದ್ದಳು.

ಅದು ಐವತ್ತೆಂಟನೆಯ ಇಸವಿಯ ಫಾಲ್ಗುಣ. ರಾಜಾಜಿನಗರ ಆಗಿನ್ನೂ ಅರ್ಧ ಊರು, ಅರ್ಧ ಹೊಲ. ಒಂದು ಸಾಲು ಮನೆ, ಪಕ್ಕದಲ್ಲಿ ಬರೀ ಕಲ್ಲು ನೆಟ್ಟ ಸೈಟುಗಳು, ಅದರಾಚೆ ರಾಗಿ ಕೊಯ್ದ ಕೂಳೆ. ಸಂಜೆ ಬಸ್ಸಿಳಿದು ನಿಂತರೆ ಸುಂಕದಕಟ್ಟೆಯ ಕಡೆಗೆ ಮರಳುವ ಎತ್ತಿನ ಗಾಡಿಗಳ ಗೆಜ್ಜೆ ಮಾಗಡಿ ರಸ್ತೆಯಿಂದ ಇಲ್ಲಿಯವರೆಗೂ ಕೇಳಿಸುತ್ತಿತ್ತು. ಮರವೆನ್ನುವುದು ಹೆಸರಿಗೂ ಇಲ್ಲ. ಬಿಸಿಲು ಮಾತ್ರ ಧಾರಾಳ. ಚಿತ್ರದುರ್ಗದ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರು, ಮಗಳಿಗೆ ಅಂಕಿಅಂಶದ ಕಚೇರಿಯಲ್ಲಿ ಕೆಲಸ ಸಿಕ್ಕಿತೆಂದು ಅವಳ ಜೊತೆ ಇಲ್ಲಿಗೆ ಬಂದಿದ್ದರು. ದುರ್ಗದವರಿಗೆ ಬಂಡೆಯಿಲ್ಲದಿದ್ದರೆ ಉಸಿರು ಕಟ್ಟುತ್ತದೆ. ಬಯಲಿನಾಚೆ ಒಂದು ಬಂಡೆ ಕಂಡದ್ದೇ ತಡ, ದಿನಾ ಸಂಜೆ ಕೋಲೂರಿಕೊಂಡು ಅಲ್ಲಿಗೆ ಹೋಗಿ ಕೂರುವುದನ್ನು ಅಭ್ಯಾಸ ಮಾಡಿಕೊಂಡರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಪೊರೆ ಇನ್ನೂ ಹಣ್ಣಾಗಬೇಕು, ಆಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು.

ಬಂಡೆ ಲಿಂಗಮ್ಮನದು. ಸಾಣೆಗುರುವನಹಳ್ಳಿಯ ಲಿಂಗಮ್ಮ ಅರವತ್ತು ದಾಟಿದ ಒಂಟಿ ಹೆಂಗಸು. ಅವಳ ಹೊಲವೆಲ್ಲ ಬಡಾವಣೆಗೆ ಹೋಗಿತ್ತು. ಅಳತೆಗೆ ಬಂದವರು ಬಂಡೆಯನ್ನು ಮಾತ್ರ ಖರಾಬು ಎಂದು ಬರೆದು ಬಿಟ್ಟುಹೋಗಿದ್ದರು. ಉಳಲಾಗದ ನೆಲ, ಅದಕ್ಕೆ ಬೆಲೆಯಿಲ್ಲ. ಹೊಸ ಮೇನು, ಕ್ರಾಸುಗಳ ನಂಬರು ಲಿಂಗಮ್ಮನ ನಾಲಿಗೆಗೆ ಹತ್ತಲಿಲ್ಲ. ಹುರುಳಿ ಹೊಲದ ಅಂಚೆ ಡಬ್ಬ, ರಾಗಿ ಕಣದ ಡಾಕ್ಟ್ರು, ಅವರೆ ಹೊಲದ ಇಂದ್ರಮ್ಮ, ಹೀಗೇ ಅವಳ ವಿಳಾಸಗಳು. ಅವರೆ ಹೊಲದ ಇಂದ್ರಮ್ಮ ಎಂದರೆ ವನಿತಾ ಸಮಾಜದ ಅಧ್ಯಕ್ಷೆ, ದೊಡ್ಡ ಅಧಿಕಾರಿಯ ಹೆಂಡತಿ. ಅವರ ಎರಡಂತಸ್ತಿನ ಮನೆ ಎದ್ದಿದ್ದ ಜಾಗದಲ್ಲಿ ಹಿಂದೆ ಲಿಂಗಮ್ಮ ಅವರೆ ಬಿತ್ತುತ್ತಿದ್ದಳು. ಆ ಹೆಸರು ಕಿವಿಗೆ ಬಿದ್ದರೆ ಇಂದ್ರಮ್ಮನ ಮೈ ಉರಿಯುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಸಮಾಜದ ಹೆಂಗಸರು ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡಿ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಕೊಡುತ್ತಿದ್ದರು. ಒಣಹಾಕುತ್ತಿದ್ದದ್ದು ಲಿಂಗಮ್ಮನ ಬಂಡೆಯ ಮೇಲೆ. ಅವಳ ಬೆರಳುಗಳು ವಾತದಿಂದ ಗಂಟುಗಂಟಾಗಿದ್ದವು, ಲಟ್ಟಣಿಗೆ ಹಿಡಿಯಲಾಗದು. ಬೆಳಗಿನಿಂದ ಸಂಜೆಯವರೆಗೆ ಕಾಗೆ, ಕರು ಓಡಿಸಿಕೊಂಡು ಕೂತಿರುತ್ತಿದ್ದಳು. ಆ ವರ್ಷ ಅವಳು ಒಂದು ಮಾತು ಕೇಳಿದಳು: "ನನ್ನೂ ನಿಮ್ಮ ಸಮಾಜಕ್ಕೆ ಸೇರಿಸ್ಕಳ್ರವ್ವ." ಇಂದ್ರಮ್ಮನಿಗೆ ಅದು ಸರಿಬೀಳಲಿಲ್ಲ. ಕೈ ಸಾಗದವಳನ್ನು ಸದಸ್ಯೆ ಮಾಡುವುದು ಹೇಗೆ? ತಮ್ಮ ಹೊಸ ಮಹಡಿಯ ಮೇಲೆ ಇಪ್ಪತ್ತು ಚಾಪೆ ಹಿಡಿಯುತ್ತದೆ, ಸುಲಭದ ಹಪ್ಪಳವೊಂದನ್ನೇ ಮಾಡಿಕೊಂಡರೆ ಬಂಡೆಯ ಹಂಗೇ ಬೇಡ ಎಂಬುದು ಅವರ ವಾದ. ಸಂಡಿಗೆಯಲ್ಲಿ ಎತ್ತಿದ ಕೈಯಾದ ವಿಮಲಮ್ಮ ಮಾತ್ರ ಒಪ್ಪಲಿಲ್ಲ. ಸಂಡಿಗೆಗೆ ಜಾಗ ಬೇಕು, ಮಹಡಿ ಸಾಲದು ಎಂದರು. ಮಾತು ಬೆಳೆಯಿತು. ಕೊನೆಗೆ ಇಂದ್ರಮ್ಮ ಜಗದಾಂಬಾಳ ಮನೆ ಬಾಗಿಲಿಗೆ ಬಂದರು.

"ಕಲ್ಕತ್ತಾದಲ್ಲಿ ಅದೇನೋ ಹೊಸ ಲೆಕ್ಕ ಕಲ್ತು ಬಂದಿದೀಯಂತಲ್ಲ ಕಣೇ. ಯಾವುದನ್ನ ಎಷ್ಟು ಮಾಡಿದ್ರೆ ನಮಗೆ ಒಳ್ಳೇದು, ಆ ಬಂಡೆ ಬೇಕಾ ಬೇಡ್ವಾ, ನೋಡಿ ಹೇಳು. ನೀನು ಹೇಳಿದ ಹಾಗೆ ಮಾಡ್ತೀವಿ."

ಕಲಿತ ವಿದ್ಯೆಗೆ ಕೆಲಸ ಸಿಕ್ಕಿತೆಂದು ಜಗದಾಂಬಾ ಹಿಗ್ಗಿಹೋದಳು. ಕಚೇರಿಯಲ್ಲಿ ಅವಳಿಗೆ ಕೊಟ್ಟಿದ್ದದ್ದು ಕೂಡುವ ಕೆಲಸ ಮಾತ್ರ. ಇಡೀ ದಿನ ಕೂಡುವುದು, ಸಂಜೆ ಬಸ್ಸು ಹತ್ತುವುದು.

ಶನಿವಾರ ಅರ್ಧ ದಿನದ ಕಚೇರಿ ಮುಗಿಸಿಕೊಂಡು ಕಾಗದ, ಪೆನ್ಸಿಲು ಹಿಡಿದು ಬಂಡೆಗೆ ಹೋದಳು. ಎಲ್ಲವನ್ನೂ ಸೇರಿನ ಲೆಕ್ಕದಲ್ಲಿ ಕೇಳಿ ಬರೆದುಕೊಂಡಳು. ಒಂದು ಸೇರು ಹಪ್ಪಳಕ್ಕೆ ಮೂರು ಗಂಟೆ ಕೈಕೆಲಸ, ಒಂದು ಚಾಪೆ ಜಾಗ, ಲಾಭ ಐದಾಣೆ. ಮೆಣಸಿನಕಾಯಿಗೆ ಒಂದು ಗಂಟೆ, ಒಂದು ಚಾಪೆ, ಎರಡಾಣೆ. ನಯಾಪೈಸೆ ಬಂದು ವರ್ಷ ತುಂಬುತ್ತ ಬಂದಿದ್ದರೂ ಹೆಂಗಸರು ಆಣೆ ಬಿಟ್ಟಿರಲಿಲ್ಲ. ಸಂಡಿಗೆಗೆ ಒಂದು ಗಂಟೆ ಸಾಕು, ಆದರೆ ಚಾಪೆ ಎರಡು ಬೇಕು. ಎಲ್ಲರ ಬಿಡುವು ಕೂಡಿಸಿದರೆ ದಿನಕ್ಕೆ ಅರವತ್ತು ಗಂಟೆ, ಬಂಡೆಯ ಮೇಲೆ ಹಿಡಿಯುವುದು ನಲವತ್ತು ಚಾಪೆ. ಉಳಿದದ್ದು ಸಂಡಿಗೆಯ ಲಾಭ ಒಂದೇ.

"ವಿಮಲಮ್ಮನವರೇ, ಸಂಡಿಗೆ ಸೇರಿಗೆ ಲಾಭ ಎಷ್ಟು?" ಎಂದು ಕೂಗಿದಳು.

ವಿಮಲಮ್ಮ ಬಂಡೆಯ ಕೆಳಗೆ ಅತ್ತ ತಿರುಗಿ ಕೂತು ಮೂಟೆಯಿಂದ ಅರಳನ್ನು ಸೇರಿನಲ್ಲಿ ಅಳೆದು ಬೋಗುಣಿಗೆ ಸುರಿಯುತ್ತಿದ್ದರು. "ಲಾಭ..." ಎಂದರು. ತುಸು ಹೊತ್ತಿಗೆ "ಎರಡು" ಎಂದರು. ಅಷ್ಟರಲ್ಲಿ ಯಾರದೋ ಕರು ಅರಳಿಗೆ ಬಾಯಿ ಹಾಕಲು ಬಂತು, ಸೇರನ್ನು ಎತ್ತಿಕೊಂಡೇ ಅದರ ಹಿಂದೆ ಓಡಿದರು. ಸಂಡಿಗೆಯ ಮುಂದೆ ಲಾಭ ಎರಡಾಣೆ ಎಂದು ಜಗದಾಂಬಾ ಚೆಂದವಾಗಿ ಬರೆದುಕೊಂಡಳು.

ಅಡಿಗೆಮನೆಯಲ್ಲಿ ಅಕ್ಕಿ ಅಳೆದವರು ಇಷ್ಟರಲ್ಲೇ ನಕ್ಕಿರುತ್ತಾರೆ. ಧಾನ್ಯ ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಎನ್ನುವವರುಂಟೇ? ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಜಗದಾಂಬಾಗೂ ಅದು ಗೊತ್ತಿಲ್ಲದ್ದಲ್ಲ, ಅವಳೇನು ಆಕಾಶದಿಂದ ಉದುರಿದವಳಲ್ಲ. ಆದರೆ ಪೆನ್ಸಿಲು ಹಿಡಿದು ಪ್ರಶ್ನೆ ಕೇಳುತ್ತ ನಿಂತವರಿಗೆ ಲೋಕದ ಮಾತೆಲ್ಲ ತಮ್ಮ ಪ್ರಶ್ನೆಗೆ ಉತ್ತರವಾಗಿಯೇ ಕೇಳಿಸುತ್ತದೆ. ಇದು ಓದಿದವರಿಗೆ ಅಂಟುವ ಜಾಡ್ಯ.

ಅಂದು ಸಂಜೆ ಮೇಷ್ಟ್ರು ಬಂಡೆಗೆ ಹೋದವರು ತಮ್ಮ ಪಾಲಿನ ವಿಚಾರಣೆ ತಾವೇ ಮಾಡಿಕೊಂಡು ಬಂದರು.

"ಯಾವುದನ್ನ ಎಷ್ಟು ಮಾಡಬೇಕು ಅನ್ನೋ ಲೆಕ್ಕ ನಿಂದು. ನಾನು ಅದರ ಜೋಡಿ ಲೆಕ್ಕ ಮಾಡ್ತೀನವ್ವ," ಎಂದರು.

ಡ್ಯುಯಲ್ಲಿಗೆ ಮೇಷ್ಟ್ರು ಇಟ್ಟುಕೊಂಡ ಹೆಸರು ಜೋಡಿ ಲೆಕ್ಕ. ಅದನ್ನು ಅವರು ವಿವರಿಸುತ್ತಿದ್ದ ಬಗೆ ಹೀಗೆ: ಒಬ್ಬ ಜಿಪುಣ ವ್ಯಾಪಾರಿ ಬಂದು ಹೆಂಗಸರ ಕೈಗಳನ್ನೂ ಬಂಡೆಯನ್ನೂ ಒಟ್ಟಿಗೆ ಬಾಡಿಗೆಗೆ ಕೇಳಿದ ಎಂದಿಟ್ಟುಕೊಳ್ಳಿ. ಕೈಗೆ ಗಂಟೆಗೆ ಇಷ್ಟು, ಬಂಡೆಗೆ ಚಾಪೆಗೆ ಇಷ್ಟು. ಹೆಂಗಸರು ದಡ್ಡರಲ್ಲ. ಒಂದು ಸೇರು ಹಪ್ಪಳಕ್ಕೆ ಹೋಗುವ ಗಂಟೆ, ಚಾಪೆಗಳಿಗೆ ಅವನು ಕೊಡುವುದು ಹಪ್ಪಳದ ಲಾಭಕ್ಕಿಂತ ಕಡಿಮೆಯಾದರೆ ಹೋಗಯ್ಯ ಎನ್ನುತ್ತಾರೆ. ಸಂಡಿಗೆಗೂ ಹಾಗೆಯೇ, ಮೆಣಸಿನಕಾಯಿಗೂ ಹಾಗೆಯೇ. ಹಾಗಿದ್ದರೆ ಅವನು ಕೊಟ್ಟು ಪಾರಾಗಬಹುದಾದ ಅತಿ ಕಡಿಮೆ ಬೆಲೆ ಯಾವುದು? ಇತ್ತ ಹೆಂಗಸರು ಗಳಿಕೆಯನ್ನು ಏರಿಸುತ್ತ ಹೋಗುತ್ತಾರೆ, ಅತ್ತ ಜಿಪುಣ ಬೆಲೆಯನ್ನು ಇಳಿಸುತ್ತ ಬರುತ್ತಾನೆ. ಎರಡೂ ಒಂದೇ ಅಂಕಿಯ ಮೇಲೆ ಬಂದು ನಿಲ್ಲುತ್ತವೆ. ಮಗಳು ಕಲ್ಕತ್ತೆಯಿಂದ ತಂದ ವಿದ್ಯೆಯಲ್ಲೆಲ್ಲ ಮೇಷ್ಟ್ರಿಗೆ ಹಿಡಿಸಿದ್ದು ಇದೊಂದೇ. ತಮ್ಮ ಮನೆಯ ಕಟ್ಟಳೆಯನ್ನೇ ಯಾರೋ ದೊಡ್ಡವರು ಸಿದ್ಧಾಂತ ಮಾಡಿದ್ದಾರೆ ಎಂದು ಅವರಿಗೆ ಒಳಗೊಳಗೇ ಹೆಮ್ಮೆ.

"ಆ ಬೆಲೆಗೆ ಶ್ಯಾಡೋ ಪ್ರೈಸ್ ಅಂತಾರೆ ಅಪ್ಪಾಜಿ. ನೆರಳು ಬೆಲೆ."

"ಬಿಸಿಲಿಗೆ ಕಟ್ಟೋ ಬೆಲೆಗೆ ನೆರಳು ಅಂತ ಹೆಸರಿಟ್ಟ ಪುಣ್ಯಾತ್ಮ ಯಾರವ್ವ ಅವನು?" ಎಂದು ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ಆ ನಗು ಜಗದಾಂಬಾಗೆ ಮುಪ್ಪಿನವರೆಗೂ ಕಿವಿಯಲ್ಲಿತ್ತು.

ಜಗದಾಂಬಾಳದು ಸಿಂಪ್ಲೆಕ್ಸ್ ದಾರಿ. ಅಂಕಿಗಳನ್ನು ಕೋಷ್ಟಕದಲ್ಲಿ ಕೂರಿಸಿ, ಒಂದು ಸಾಲನ್ನು ಭಾಗಿಸಿ, ಉಳಿದ ಸಾಲುಗಳಿಂದ ಕಳೆದು, ಇನ್ನು ಏರಲು ಜಾಗವಿಲ್ಲ ಎನ್ನುವವರೆಗೆ ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಹತ್ತುತ್ತ ಹೋಗುವುದು. ಮೇಷ್ಟ್ರ ದಾರಿ ಗ್ರಾಫಿನದು. ಕೈಗೊಂದು ಬೆಲೆ, ಚಾಪೆಗೊಂದು ಬೆಲೆ, ಬೇಕಾದ್ದು ಎರಡೇ; ಒಂದು ಹಾಳೆಯ ಮೇಲೆ ಬರೆಯಬಹುದು. ಆದರೆ ಪೊರೆ ಬಂದ ಕಣ್ಣಿಗೆ ಗ್ರಾಫ್ ಹಾಳೆಯ ಚೌಕಗಳು ಕಾಣುವುದೆಲ್ಲಿ? ಅವರು ಹಾಳೆಯನ್ನು ಹಲಗೆಯ ಮೇಲೆ ಹರಡಿ, ಬೆರಳಿನಿಂದ ಅಳೆದು ಗುಂಡುಸೂಜಿ ಚುಚ್ಚಿ, ಸೂಜಿಯಿಂದ ಸೂಜಿಗೆ ದಾರ ಬಿಗಿಯುತ್ತಿದ್ದರು. ಹಪ್ಪಳಕ್ಕೊಂದು ದಾರ, ಸಂಡಿಗೆಗೊಂದು, ಮೆಣಸಿನಕಾಯಿಗೊಂದು. ದಾರಗಳು ಕೂಡುವ ಮೂಲೆಯನ್ನು ಬೆರಳು ಸವರಿ ಹುಡುಕುತ್ತಿದ್ದರು. ಇದಕ್ಕೆ ಸಮಯ ಹಿಡಿಯುತ್ತಿತ್ತು.

ಜಗದಾಂಬಾಳ ಉತ್ತರ ಭಾನುವಾರ ಮಧ್ಯಾಹ್ನವೇ ಬಂತು. ಹಪ್ಪಳ ಹತ್ತು ಸೇರು, ಮೆಣಸಿನಕಾಯಿ ಮೂವತ್ತು, ಸಂಡಿಗೆ ಸೊನ್ನೆ. ದಿನದ ಲಾಭ ನೂರ ಹತ್ತಾಣೆ. ಬಂಡೆಯ ಬೆಲೆ ಚಾಪೆಗೆ ಬರೀ ಅರ್ಧಾಣೆ. ಸಂಜೆ ಇಂದ್ರಮ್ಮ ಬಂದು ಏನಾಯ್ತೇ ಎಂದಾಗ, ಅಪ್ಪನ ದಾರ ಇನ್ನೂ ಅರ್ಧದಲ್ಲಿತ್ತು. ಎರಡೂ ಕೂಡುವವರೆಗೆ ಬಾಯಿ ಬಿಡಬಾರದೆಂಬ ಮನೆಯ ಕಟ್ಟಳೆಯನ್ನು ಮೀರಿ ಅವಳು ಉತ್ತರ ಹೇಳಿಬಿಟ್ಟಳು. ಹೊಸ ವಿದ್ಯೆ, ಕೇಳಲು ಬಂದವರು ಅಧ್ಯಕ್ಷೆ, ತಡೆಯಲಾಗಲಿಲ್ಲ.

"ಅಂದ್ರೆ ಬಂಡೆ ಬಿಟ್ಟು ನಮ್ಮ ಮಹಡಿಗೆ ಬಂದು ಹಪ್ಪಳ ಒಂದೇ ಮಾಡಿದ್ರೆ?"

"ಇಪ್ಪತ್ತು ಚಾಪೆ ಕಡಿಮೆ. ದಿನಕ್ಕೆ ಹತ್ತಾಣೆ ನಷ್ಟ ಆಗತ್ತೆ, ಅಷ್ಟೇ."

"ಹತ್ತಾಣೆ ತಾನೇ! ಬಿಸಿಲಲ್ಲಿ ಅಲ್ಲೀತನಕ ಹೋಗೋ ಕಾಟಕ್ಕೆ ಅಷ್ಟು ಹೋಗಲಿ ಬಿಡು," ಎಂದು ಇಂದ್ರಮ್ಮ ಎದ್ದರು.

ಸೋಮವಾರ ಬೆಳಿಗ್ಗೆ ಚಾಪೆಗಳೆಲ್ಲ ಮಹಡಿಗೆ ಹೋದವು. ಬೇಡವಾದ ಚಾಪೆಗಳನ್ನು ಸುತ್ತಿಟ್ಟರು. ವಿಮಲಮ್ಮ ಸಂಡಿಗೆಯ ಅರಳನ್ನು ಮನೆಗೆ ಹೊತ್ತುಕೊಂಡು ಹೋದರು. ಇನ್ನು ಮೇಲೆ ಬಂಡೆ ಬೇಡ, ನೀನೂ ಬಿಸಿಲಲ್ಲಿ ಕೂರುವುದು ಬೇಡ ಎಂದು ಲಿಂಗಮ್ಮನಿಗೆ ಹೇಳಿ ಕಳಿಸಿದರು. ಸಮಾಜಕ್ಕೆ ಸೇರಿಸಿಕೊಳ್ಳುವ ಮಾತು ಅಲ್ಲಿಗೆ ನಿಂತಿತು.

ಮೇಷ್ಟ್ರ ಉತ್ತರ ಬಂದದ್ದು ಮಂಗಳವಾರ. "ನೂರ ನಲವತ್ತು. ಕೈಗೆ ಗಂಟೆಗೆ ಒಂದಾಣೆ, ಚಾಪೆಗೆ ಎರಡಾಣೆ," ಎಂದರು.

ಜಗದಾಂಬಾಗೆ ಮೊದಲು ಬಂದದ್ದು ಸಂಕಟವಲ್ಲ, ಕನಿಕರ. ಅಪ್ಪನಿಗೆ ವಯಸ್ಸಾಯಿತು, ಸೂಜಿ ಎಲ್ಲೋ ಪಕ್ಕದ ಚೌಕಕ್ಕೆ ಹೋಗಿದೆ ಎಂದುಕೊಂಡಳು. "ನನಗೆ ನೂರ ಹತ್ತು ಬಂದಿದೆ ಅಪ್ಪಾಜಿ. ಎರಡು ಸಲ ನೋಡಿದೀನಿ," ಎಂದಳು ಮೆಲ್ಲಗೆ.

"ನಿನ್ನ ದಾರೀಲಿ ನೀನೇ ಎರಡು ಸಲ ನಡೆದರೆ ಎರಡು ದಾರಿ ಆಗಲ್ಲವ್ವ. ನನ್ನ ಕಣ್ಣು ಹೋಗಿರಬಹುದು, ದಾರ ಹೋಗಿಲ್ಲ. ತಗೋ, ಮುಟ್ಟಿ ನೋಡು."

ಮುಟ್ಟಿ ನೋಡಿದಳು. ದಾರಗಳು ಬಿಗಿಯಾಗಿದ್ದವು, ಸೂಜಿಗಳು ತಮ್ಮ ಚೌಕದಲ್ಲೇ ಇದ್ದವು. ಕೊನೆಗೆ ಕಟ್ಟಳೆ ಮುರಿದು ಒಬ್ಬರ ಹಾಳೆ ಇನ್ನೊಬ್ಬರು ನೋಡಿದರು. ಸಂಡಿಗೆಯ ಲಾಭ ಅವಳಲ್ಲಿ ಎರಡು, ಅವರಲ್ಲಿ ಐದು.

"ಐದು ಅಂತ ಕೇಳಿಸ್ಕೊಂಡಿರ್ತೀರಿ. ವಿಮಲಮ್ಮನವರೇ ನನ್ನ ಹತ್ರ ಎರಡು ಅಂದ್ರು."

"ನನ್ನ ಹತ್ರಾನೂ ವಿಮಲಮ್ಮನೇ ಐದು ಅಂದದ್ದು. ಹೋಗು, ಕೇಳ್ಕೊಂಡು ಬಾ."

ಜಗದಾಂಬಾ ಚಪ್ಪಲಿ ಮೆಟ್ಟಿದಳು. ವಿಮಲಮ್ಮನ ಮನೆ ಮೂರನೆಯ ಬೀದಿಯಲ್ಲಿ. ಅವರು ಇನ್ನೂ ಮುನಿಸಿನಲ್ಲೇ ಇದ್ದರು. ಬಾಗಿಲಲ್ಲಿ ನಿಂತವಳನ್ನು ಕೂತುಕೋ ಎನ್ನಲಿಲ್ಲ. ಅಕ್ಕಿಯ ಡಬ್ಬದ ಮುಂದೆ ಕೂತು ರಾತ್ರಿಯ ಅಡಿಗೆಗೆ ಪಾವಿನಲ್ಲಿ ಅಳೆಯುತ್ತಿದ್ದರು.

"ಸಂಡಿಗೆ ಲಾಭ ಎರಡಾಣೆ ಅಂದ್ರಲ್ಲ ನೀವು?"

"ನಾನೆಲ್ಲಿ ಅಂದೆ? ಐದಾಣೆಗೆ ಒಂದು ಕಾಸು ಕಡಿಮೆ ಬಂದಿಲ್ಲ ನನ್ನ ಸಂಡಿಗೆಗೆ. ಕಲ್ಕತ್ತಾದಲ್ಲಿ ಓದಿ ಬಂದು ನನ್ನ ಸಂಡಿಗೆಗೇ ಕಲ್ಲು ಹಾಕ್ದೆ. ಇರು, ಅಳತೆ ತಪ್ಪತ್ತೆ," ಎಂದು ಪಾವನ್ನು ಡಬ್ಬಕ್ಕೆ ಇಳಿಸಿದರು. "ಲಾಭ... ಎರಡು... ಮೂರು..."

ಜಗದಾಂಬಾ ಹೊಸ್ತಿಲ ಮೇಲೆ ಕೂತುಬಿಟ್ಟಳು. ನಗು ಬಂತು, ನಗುತ್ತ ನಗುತ್ತಲೇ ಅಳುವೂ ಬಂತು. ವಿಮಲಮ್ಮ ಗಾಬರಿಯಾಗಿ, ಮುನಿಸು ಮರೆತು, ಬೆನ್ನು ಸವರಿದರು. ಸಂಗತಿ ಕೇಳಿದ ಮೇಲೆ ಅವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆದರೆ ಬೇಗ ನಿಲ್ಲಿಸಿದರು. "ಲಿಂಗಮ್ಮನ್ನ ಕಳಿಸಿಬಿಟ್ವಲ್ಲೇ," ಎಂದರು.

ಶುಕ್ರವಾರ ಇಂದ್ರಮ್ಮನ ಮನೆಯಲ್ಲಿ ಸಮಾಜ ಕೂಡಿದಾಗ ಜಗದಾಂಬಾ ಎದ್ದು ನಿಂತು ತಪ್ಪೊಪ್ಪಿಕೊಂಡಳು. ಸರಿಯಾದ ಲೆಕ್ಕವನ್ನು ಅವಳ ದಾರಿಯಲ್ಲಿ ಮತ್ತೆ ಮಾಡಿದರೂ ಈಗ ಬರುವುದು ನೂರ ನಲವತ್ತೇ: ಹಪ್ಪಳ ಹದಿನಾರು ಸೇರು, ಸಂಡಿಗೆ ಹನ್ನೆರಡು, ಮೆಣಸಿನಕಾಯಿ ಬೇಡ. ಆ ನೂರ ನಲವತ್ತರಲ್ಲಿ ಎಲ್ಲರ ಕೈಗಳ ಪಾಲು ಅರವತ್ತು, ಬಂಡೆಯ ಪಾಲು ಎಂಬತ್ತು. ಅಲ್ಲಿಯವರೆಗೆ ನಗುತ್ತ ಕೇಳುತ್ತಿದ್ದ ಹೆಂಗಸರ ಮುಖ ಬಿಗಿಯಿತು.

"ಹಂಗಾದ್ರೆ ಬಂಡೇನೇ ಹಪ್ಪಳ ಒತ್ಲಿ ಬಿಡಿ. ನಾವು ನೆರಳಲ್ಲಿ ಕೂತಿರ್ತೀವಿ," ಎಂದಳು ಮುನಿಲಕ್ಷ್ಮಮ್ಮ. ಸಮಾಜದಲ್ಲಿ ಅವಳಷ್ಟು ತೆಳ್ಳಗೆ ಹಪ್ಪಳ ಒತ್ತುವವರು ಬೇರೆ ಇರಲಿಲ್ಲ. ಅಂಗೈ ಚಾಚಿ ತೋರಿಸಿದಳು. ಲಟ್ಟಣಿಗೆ ಉಜ್ಜಿ ಉಜ್ಜಿ ಅದು ದಡ್ಡುಗಟ್ಟಿತ್ತು.

"ಕೈಗಿಂತ ಬಂಡೆ ಹೆಚ್ಚು ಅಂತ ಅಲ್ಲ ಅಕ್ಕಾ. ನಿಮಗೆ ಯಾವುದು ಸಾಲದೆ ಬಂದಿದೆಯೋ ಅದರ ಬೆಲೆ ಏರಿದೆ, ಅಷ್ಟೇ. ಒಂದು ಚಾಪೆ ಜಾಗ ಕಡಿಮೆ ಆದ್ರೆ ಎರಡಾಣೆ ಹೋಗತ್ತೆ. ಬಂಡೆ ಬಿಟ್ಟು ಇಪ್ಪತ್ತು ಚಾಪೆ ಕಳ್ಕೊಂಡಿದೀವಿ. ದಿನಕ್ಕೆ ಎರಡೂವರೆ ರೂಪಾಯಿ."

ಇಂದ್ರಮ್ಮ ಜಂಬದವರು, ಆದರೆ ಕೆಟ್ಟವರಲ್ಲ; ಎರಡೂವರೆ ರೂಪಾಯಿ ಎಂದರೆ ಏನೆಂದು ಅವರಿಗೆ ಗೊತ್ತಿತ್ತು. "ಬಂಡೆ ಬೇಕು ಹಾಗಾದ್ರೆ. ದಿನಕ್ಕೆ ಎಂಟಾಣೆ ಬಾಡಿಗೆ ಕೊಟ್ಟುಬಿಡೋಣ. ಸದಸ್ಯೆ ಗಿದಸ್ಯೆ ಅನ್ನೋದು ಬೇಡ. ಹೋಗಿ ಹೇಳಿ ಬಾ ಕಣೇ, ತಪ್ಪು ಮಾಡಿದವಳು ನೀನೇ," ಎಂದರು.

ಸಾಣೆಗುರುವನಹಳ್ಳಿಯ ತನ್ನ ಗುಡಿಸಲ ಮುಂದೆ ಲಿಂಗಮ್ಮ ಗಂಟು ಬೆರಳುಗಳಲ್ಲಿ ಕಷ್ಟಪಟ್ಟು ಪೊರಕೆ ಕಟ್ಟುತ್ತಿದ್ದಳು. ಜಗದಾಂಬಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಲಾಭದ ಕತೆಗೆ ಬೊಚ್ಚುಬಾಯಿ ಬಿಟ್ಟು ನಕ್ಕಳು. ಬಾಡಿಗೆಯ ಮಾತಿಗೆ ನಗು ನಿಂತಿತು.

"ಬಂಡೆಗೆ ಬಾಡ್ಗೆನಾ? ಅದು ಯಾವತ್ತು ಕೂಲಿ ಕೇಳ್ತವ್ವ ನಿಮ್ಮನ್ನ? ಬಂಡೆಗೆ ಎರಡಾಣೆ ಬರ್ದೆ, ಕೈಗೆ ಒಂದಾಣೆ ಬರ್ದೆ. ನಂಗೆ ಎಷ್ಟು ಬರ್ದಿದೀಯೆ ನಿನ್ನ ಲೆಕ್ಕದಾಗೆ?"

"ನಿಮ್ಮದು ಬರ್ದಿಲ್ಲ ಅಜ್ಜಿ."

"ಬರ್ದಿದ್ರೆ ಎಷ್ಟಾಗ್ತಿತ್ತು?"

ಜಗದಾಂಬಾ ಉದುರಿದ ಪೊರಕೆ ಕಡ್ಡಿಗಳನ್ನು ಆಯ್ದು ಅವಳ ಮುಂದಿಟ್ಟಳು. ಉತ್ತರ ಗೊತ್ತಿತ್ತು. ಜೋಡಿ ಲೆಕ್ಕದಲ್ಲಿ ಒಂದು ನಿಯಮವಿದೆ: ಖರ್ಚಾಗದೆ ಮಿಕ್ಕುವುದಕ್ಕೆ ಬೆಲೆ ಸೊನ್ನೆ. ಲಿಂಗಮ್ಮನ ಹೊತ್ತು ಬೇಕಾದಷ್ಟು ಇತ್ತು, ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇತ್ತು. ಅವಳು ಇನ್ನೊಂದು ಗಂಟೆ ಕೂತರೂ ಒಂದು ಸೇರು ಸಂಡಿಗೆ ಹೆಚ್ಚಾಗುತ್ತಿರಲಿಲ್ಲ. ಅವಳನ್ನು ಲೆಕ್ಕಕ್ಕೆ ಸೇರಿಸಿದ್ದರೂ ಬರುತ್ತಿದ್ದದ್ದು ಸೊನ್ನೆಯೇ.

ಲಿಂಗಮ್ಮ ಪೊರಕೆಯನ್ನು ಪಕ್ಕಕ್ಕಿಟ್ಟಳು. "ದುಡ್ಡು ನಂಗೆ ಯಾಕವ್ವ. ಆ ಹೆಂಗಸ್ರು ಬರೋರು, ಹಾಡ್ಕಂಡು, ಬೈಕಂಡು ಕೆಲಸ ಮಾಡೋರು. ಸಂಜಿಕ್ಕೆ ಹೊರಡೋವಾಗ ಒಬ್ಬೊಬ್ರೂ 'ಹೋಗ್ಬತ್ತೀನಿ ಲಿಂಗಮ್ಮ' ಅನ್ನೋರು. ಸೋಮಾರದಿಂದ ಯಾರೂ ಅಂದಿಲ್ಲ."

ಮನೆಗೆ ಬಂದವಳು ಅಪ್ಪನ ಮುಂದೆ ಕೂತು ಎಲ್ಲ ಹೇಳಿದಳು. ಮೇಷ್ಟ್ರು ಹಾಳೆಯಿಂದ ಸೂಜಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಿದ್ದರು.

"ಮಿಕ್ಕಿದ್ದಕ್ಕೆ ಸೊನ್ನೆ. ಲೆಕ್ಕ ತಪ್ಪಿಲ್ಲ," ಎಂದರು.

"ಹಂಗನ್ನಬೇಡಿ ಅಪ್ಪಾಜಿ."

"ತಪ್ಪಿಲ್ಲವ್ವ. ಈಗ ನನ್ನನ್ನೇ ನೋಡು. ಕಣ್ಣಿಲ್ಲ, ಕೆಲಸ ಇಲ್ಲ, ನನ್ನ ಗಂಟೆಗಳೆಲ್ಲ ಮಿಕ್ಕಿದ್ದೇ. ಹಂಗಂತ ನೀನು ನನ್ನನ್ನ ಊಟಕ್ಕೆ ಕರೆಯೋದು ಬಿಟ್ಟಿದೀಯಾ?"

ಜಗದಾಂಬಾ ಅಪ್ಪನ ಕೈ ಹಿಡಿದುಕೊಂಡಳು. ಅಪ್ಪನ ಮೇಲೆ ತನಗೆ ಎಷ್ಟು ಪ್ರೀತಿಯಿದೆಯೆಂದು ಅವಳಿಗೆ ಗೊತ್ತಾದದ್ದು ಆ ಸಂಜೆ. ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಆಮೇಲೆ ಯಾವ ಲೆಕ್ಕವನ್ನು ಒಬ್ಬಳೇ ಎರಡು ದಾರಿಯಲ್ಲಿ ಮಾಡಿದರೂ ಅವಳಿಗೆ ಉತ್ತರ ಬಂತೆಂದು ಅನ್ನಿಸುತ್ತಿರಲಿಲ್ಲ.

ಮರುದಿನ ಅವಳು ಇಂದ್ರಮ್ಮನ ಮನೆಗೆ ಹೋಗಿ, ಬಾಡಿಗೆ ಲಿಂಗಮ್ಮನಿಗೆ ಬೇಡವಂತೆ, ಸಮಾಜದಲ್ಲಿ ಹೆಸರು ಬೇಕಂತೆ ಎಂದಳು. ಇಂದ್ರಮ್ಮ ಲೆಕ್ಕವೇನು ಹೇಳುತ್ತೆ ಎಂದು ಕೇಳಿದರು. ಲೆಕ್ಕ ಏನೂ ಹೇಳುವುದಿಲ್ಲ, ಅದು ನೀವು ಹೇಳಬೇಕಾದ್ದು ಎಂದಳು ಜಗದಾಂಬಾ. ಅಲ್ಲೇ ಇದ್ದ ವಿಮಲಮ್ಮ, ಲಿಂಗಮ್ಮನಿಲ್ಲದ ಕಡೆ ತಾವು ಒಂದು ಸಂಡಿಗೆಯನ್ನೂ ಇಡುವುದಿಲ್ಲವೆಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಇಂದ್ರಮ್ಮ ಗೊಣಗಿದರು, ಕೈ ಸಾಗದವಳು ಎಂದು ಮತ್ತೊಮ್ಮೆ ಅಂದರು, ಕೊನೆಗೆ ಆಗಲಿ ಎಂದರು.

ಮುಂದಿನ ಶುಕ್ರವಾರ ಲಿಂಗಮ್ಮ ಒಗೆದ ಸೀರೆಯುಟ್ಟು ಬಂದು, ಒಳಗೆ ಬಾ ಎಂದು ಎಷ್ಟು ಕರೆದರೂ ಬಾರದೆ, ನಡುಮನೆಯ ಬಾಗಿಲ ಪಕ್ಕದಲ್ಲೇ ಕಾಲು ಮಡಚಿ ಕೂತಳು. ಸಭೆ ಶುರುವಾಗುವ ಮುನ್ನ ಇಂದ್ರಮ್ಮ ಹಾಜರಿ ಕರೆಯುತ್ತಿದ್ದರು. ಗಂಡನ ಕಚೇರಿಯ ಪದ್ಧತಿ. ಹೆಸರು ಕರೆದರೆ ಹೆಂಗಸರು ಹಾಜರ್ ಎನ್ನಬೇಕು. ಒಬ್ಬೊಬ್ಬರೂ ಅಂದರು. ಮುನಿಲಕ್ಷ್ಮಮ್ಮನೂ ಅಂದಳು.

"ಲಿಂಗಮ್ಮ," ಎಂದರು ಇಂದ್ರಮ್ಮ.

ಲಿಂಗಮ್ಮ ಗೋಡೆಯನ್ನು, ಕಿಟಕಿಯನ್ನು, ಹೊಳೆಯುವ ಕೆಂಪು ನೆಲವನ್ನು ನೋಡುತ್ತಿದ್ದಳು. ಹಿಂದೆ ತಾನು ಅವರೆ ಬಿತ್ತುತ್ತಿದ್ದ ಆ ನೆಲವನ್ನು ಅಂಗೈಯಿಂದ ಒಂದು ಸಲ ಸವರಿದಳು. ಎಲ್ಲರೂ ಅವಳತ್ತ ತಿರುಗಿದರು. ಇಂದ್ರಮ್ಮ ಕನ್ನಡಕ ಸರಿಮಾಡಿಕೊಂಡು ದನಿ ಎತ್ತಿದರು. "ಲಿಂಗಮ್ಮಾ!"

"ಯಾಕವ್ವ ಅಂಗೆ ಕೂಗ್ತೀಯ? ಇಲ್ಲೇ ಇದೀನಲ್ಲ. ನಾನು ಇನ್ನೆಲ್ಲಿಗೆ ಹೋಗ್ಲಿ?" ಎಂದಳು ಲಿಂಗಮ್ಮ.

ಹೆಂಗಸರು ಗೊಳ್ಳೆಂದು ನಕ್ಕರು. ಲಿಂಗಮ್ಮನೂ ನಕ್ಕಳು. ಮುಂದಿನ ಹೆಸರು ವಿಮಲಮ್ಮನದು. ಇಂದ್ರಮ್ಮ ಅದನ್ನು ಕರೆಯಲು ಬಾಯಿ ತೆರೆದವರು ಕರೆಯುವ ಬದಲು ಕನ್ನಡಕ ತೆಗೆದು, ಲಿಂಗಮ್ಮ ಸವರಿದ ಆ ನೆಲವನ್ನೇ ನೋಡಿದರು.